ನಿನ್ನ ತಿಥಿಗೆ ಉಜ್ಜಿದ ಕಾರ್ಡು

ಅತ್ತೆ,

ಅಲ್ಲಿ ಹೇಗಿದ್ದೀಯ ಅಂತ ಕೇಳಿದರೆ “ನಂಗಿನ್ನೇನಾಗ್ಬೇಕು, ನಿನ್ ಸಮಾಚಾರ ಯೋಳು” ಅನ್ನುತ್ತೀಯ. ಅದಕ್ಕೇ ಕೇಳುವುದಿಲ್ಲ. ನನ್ನ ಬಸ್ಸು ದಿನಾ ಶ್ರೀರಂಗಪಟ್ಟಣದ ಸೇತುವೆ ದಾಟುವಾಗ, ನಿನ್ನ ಬೂದಿ ಬಿಟ್ಟ ಹೊಳೆ ಕಂಡ ಕೂಡಲೇ ಟಿಕೆಟ್ ಮೆಷಿನ್ ಕಂಕುಳಿಗೆ ಸಿಕ್ಕಿಸಿಕೊಂಡು ಕೈ ಮುಗಿಯುತ್ತೇನೆ. ಎರಡು ಮಾತು ಹೇಳೋಣ ಅನ್ನುವಷ್ಟರಲ್ಲಿ ಯಾರೋ ಚಿಲ್ಲರೆ ಕೇಳುತ್ತಾರೆ. ಇವತ್ತು ನನಗೆ ವಾರದ ರಜೆ. ನಿನ್ನ ಮಗ ಅಂಗಡಿಗೆ ಹೋಗಿದ್ದಾನೆ. ಪೂರ್ತಿ ಹೇಳಿಬಿಡುತ್ತೇನೆ, ಮಧ್ಯೆ ಬಾಯಿ ಹಾಕಬೇಡ.

ನನಗೆ ಕಂಡಕ್ಟರ್ ಕೆಲಸ ಸಿಕ್ಕಾಗ ಊರಿನವರು ಮೂಗು ಮುರಿದರಲ್ಲ, ನೆನಪಿದೆಯಾ? ಸೊಸೆಯನ್ನು ಬಸ್ಸಿನಲ್ಲಿ ನಿಲ್ಲಿಸುತ್ತೀಯಾ ಅಂತ ಕೇಳಿದವರಿಗೆ ನೀನು, “ಗಂಡುಸ್ರು ಟಿಕೆಟ್ ಕೊಟ್ರೆ ಓಡೋ ಬಸ್ಸು, ಎಂಗುಸ್ರು ಕೊಟ್ರೆ ನಿಂತೋಯ್ತದಾ?” ಅಂದೆ. ನೀನು ನನ್ನಪ್ಪನ ಅಕ್ಕ. ಹುಟ್ಟಿದಾಗಿನಿಂದ ಅತ್ತೆ ಅಂತಲೇ ಕರೆದವಳು ನಾನು. ನಿನ್ನ ಮಗನನ್ನು ಕಟ್ಟಿಕೊಂಡ ಮೇಲೂ ಅತ್ತೆಯೇ ಆದೆ, ನಿನ್ನನ್ನು ‘ನೀನು’ ಅನ್ನುವುದೂ ಹೋಗಲಿಲ್ಲ. ನಮ್ಮಿಬ್ಬರ ನಡುವೆ ಮುಚ್ಚುಮರೆ ಯಾವತ್ತಿತ್ತು?

ಯೋಗೇಶ ಕೆ.ಆರ್. ಪೇಟೆಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಹಾಕಿದ ಮೊದಲ ವರ್ಷ ನಿನಗೊಂದು ರೇಷ್ಮೆ ಸೀರೆ ತಂದಿದ್ದ. ಹಸಿರು ಮೈ, ಕೆಂಪು ಅಂಚು. ನೀನು ಬೆಲೆ ಕೇಳಿದೆ. ಕೇಳಿದವಳೇ ಸೀರೆಯನ್ನು ಹಾಗೇ ಮಡಿಸಿ, ಮಾರನೆಯ ದಿನ ನನ್ನ ಬಸ್ಸಿನಲ್ಲೇ ಪೇಟೆಗೆ ಹೋಗಿ ಸೀರೆ ಅಂಗಡಿಯವನಿಗೆ ವಾಪಸ್ ಕೊಟ್ಟು, ಸ್ಟ್ಯಾಂಡಿನ ಎದುರಿನ ಮಗನ ಅಂಗಡಿಗೆ ಬಂದು ದುಡ್ಡನ್ನು ಅವನ ಅಂಗಿ ಜೇಬಿಗೆ ತುರುಕಿದೆ. “ಗ್ಯಾನ ಐತೇನ್ಲಾ ನಿಂಗೆ? ನಂಗ್ಯಾಕ್ಲಾ ಇದು?” ಅಂದೆ. ಅವನು ತಾಮ್ರದ ತಂತಿ ಹಿಡಿದುಕೊಂಡು ನಿಂತೇ ಇದ್ದ. ನೀನು ಬಸ್ಸು ಹತ್ತಲು ತಿರುಗಿಬಿಟ್ಟೆ, ಅವನ ಮುಖ ನೋಡಲಿಲ್ಲ. ನಾನು ನೋಡಿದೆ. ಒಂದೇ ಒಂದು ಸಲ ಉಟ್ಟುಕೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅತ್ತೆ?

ನಿನ್ನ ತಿಥಿಯ ದಿನವನ್ನು ನೀನು ನೋಡಬೇಕಿತ್ತು. ರಸ್ತೆಯವರೆಗೂ ಶಾಮಿಯಾನ. ಬಸ್ ಸ್ಟಾಪಿನಲ್ಲಿ ನಿನ್ನ ಫ್ಲೆಕ್ಸು. ಬೇರೆ ಫೋಟೊ ಸಿಗದೆ ಯೋಗೇಶ ಆಧಾರ್ ಕಾರ್ಡಿನದ್ದನ್ನೇ ದೊಡ್ಡದು ಮಾಡಿಸಿದ್ದ. ಅದರಲ್ಲಿ ನೀನು ಊರಿಗೆಲ್ಲ ಬಯ್ಯುವ ಹಾಗೆ ಕಾಣುತ್ತಿದ್ದೆ. ಮರಿ ಕಡಿಸಿದ್ದ, ಬೋಟಿ ಗೊಜ್ಜು ಬೇರೆ, ಮುದ್ದೆ, ಅನ್ನ, ಬಂದವರಿಗೆಲ್ಲ ಎಲೆ ಅಡಿಕೆ ಬಾಳೆಹಣ್ಣು. ಪಂಕ್ತಿ ಎದ್ದಂತೆಲ್ಲ ಇನ್ನೊಂದು ಪಂಕ್ತಿ ಕೂತಿತು. ನಾಗಮಂಗಲದ ಚಿಕ್ಕಪ್ಪ, ಅದೇ ನಿನ್ನ ಮೈದುನ, ಕೈ ತೊಳೆದು ಬಂದವರು, “ಮಗ ಅಂದ್ರೆ ಇಂಗಿರ್ಬೇಕು ಕಣ್ಲಾ. ತಾಯಿ ಋಣ ತೀರಿಸ್ಬುಟ್ಟೆ” ಅಂತ ಅವನ ಬೆನ್ನು ತಟ್ಟಿದರು. ಅವನು ಸಾರಿನ ಬಕೆಟ್ಟು, ಐಸ್ ವಾಟರ್ ಕ್ಯಾನು, ಅಡುಗೆಯವನ ಜಗಳ ಅಂತ ಓಡಾಡುತ್ತಲೇ ಇದ್ದ. ಅಳುವುದಕ್ಕೂ ಪುರಸೊತ್ತಿರಲಿಲ್ಲ. ಇಷ್ಟಕ್ಕೆಲ್ಲ ದುಡ್ಡೆಲ್ಲಿಂದ ಅಂತ ನಾನು ಸಂಜೆ ಕೇಳಿದ್ದಕ್ಕೆ, “ಅಂಗಡಿದು ಒಸಿ ಇತ್ತು” ಅಂದ. ಸಾವಿನ ಮನೆಯಲ್ಲಿ ಅದಕ್ಕಿಂತ ಹೆಚ್ಚು ಹೇಗೆ ಕೇಳುವುದು...

ಆಮೇಲಿನ ತಿಂಗಳುಗಳಲ್ಲಿ ಒಂದು ವಿಚಿತ್ರ ಶುರುವಾಯಿತು. ಅವನು ನಿನ್ನ ಹೆಸರೆತ್ತುವುದನ್ನೇ ಬಿಟ್ಟ. ನಾನು “ಅತ್ತೆ ಇದ್ದಿದ್ದರೆ ಈ ಹಲಸಿನ ಹಣ್ಣು ಬಿಡುತ್ತಿದ್ದಳಾ” ಅಂದರೆ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದ. ದುಃಖ ಇರಬೇಕು, ಆರಲಿ ಅಂತ ನಾನೂ ಸುಮ್ಮನಾದೆ. ಹಾಗೇ ನಿನ್ನ ಮಾತು ಮನೆಯಿಂದ ಹೊರಟುಹೋಯಿತು. ನೀನು ಸತ್ತದ್ದಕ್ಕಿಂತ ಅದು ನನಗೆ ಹೆಚ್ಚು ಕಷ್ಟವಾಯಿತು, ನಿಜ ಹೇಳುತ್ತೇನೆ. ಸತ್ತವರು ನೆನಪಿನಲ್ಲಾದರೂ ಮನೆಯಲ್ಲಿರುತ್ತಾರಲ್ಲ, ಅದೂ ಇಲ್ಲದಿದ್ದರೆ?

ಒಂದು ಮಧ್ಯಾಹ್ನ ಪಾಂಡವಪುರದ ಸ್ಟ್ಯಾಂಡಿನಲ್ಲಿ ತಲೆ ಬೋಳಾದ, ಕಂಕುಳಲ್ಲಿ ಫೈಲು ಇಟ್ಟುಕೊಂಡ ಒಬ್ಬರು ಹತ್ತಿ ನಮ್ಮೂರಿಗೆ ಟಿಕೆಟ್ ಕೇಳಿದರು. ಮೆಷಿನ್ ಒತ್ತುತ್ತಿದ್ದ ಹಾಗೆ, “ಮೇಡಮ್, ಆ ಊರಲ್ಲಿ ಮೋಟಾರ್ ರಿವೈಂಡಿಂಗ್ ಯೋಗೇಶ ಅಂತ ಅವ್ರಲ್ಲ, ಅವ್ರ ಮನೆ ಗೊತ್ತಾ?” ಅಂದರು. ಯಾಕೆ ಅಂದೆ. “ಬ್ಯಾಂಕ್ ಕಡೆಯಿಂದ. ಕ್ರೆಡಿಟ್ ಕಾರ್ಡ್ ದುಡ್ಡು. ಫೋನೇ ಎತ್ತಲ್ಲ ಪುಣ್ಯಾತ್ಮ.” ನನ್ನ ಮನೆಗೆ ಸಾಲ ಕೇಳಲು ಹೊರಟವರಿಗೆ ನಾನೇ ಟಿಕೆಟ್ ಹರಿದು ಕೊಟ್ಟೆ ಅತ್ತೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳಾ ಅಂತ ನೀನು ಹೇಳುತ್ತಿದ್ದೆಯಲ್ಲ, ಹಾಗೆ ಅವನು ಮುಚ್ಚಿಟ್ಟದ್ದು ಸೀದಾ ನನ್ನ ಬಸ್ಸನ್ನೇ ಹತ್ತಿತು.

ಚಿನಕುರಳಿ ದಾಟಿ ಬಸ್ಸು ಖಾಲಿಯಾದ ಮೇಲೆ ಅವರ ಪಕ್ಕ ಕೂತು, “ಆ ಮನೆ ನಂದೇ. ಎಷ್ಟು?” ಅಂದೆ. ಪಾಪ, ಅವರು ಎದ್ದೇ ನಿಂತರು. ಫೋನಿನಲ್ಲಿ ತೋರಿಸಿದ ಅಂಕಿಯ ಸೊನ್ನೆಗಳನ್ನು ಎರಡೆರಡು ಸಲ ಎಣಿಸಿದೆ. ಇನ್ನೊಂದು ಬ್ಯಾಂಕಿನ ಕಾರ್ಡೂ ಇದೆಯಂತೆ. ಇದರ ಬಾಕಿಗೆ ಅದನ್ನು, ಅದರ ಬಾಕಿಗೆ ಇದನ್ನು ಉಜ್ಜಿದ್ದಾನೆ. “ತಿಂಗಳು ತಿಂಗಳು ಮಿನಿಮಮ್ ಮಾತ್ರ ಕಟ್ಟವ್ರೆ ಮೇಡಮ್, ಎರಡ್ ತಿಂಗ್ಳಿಂದ ಅದೂ ಇಲ್ಲ. ನಾನು ವಸೂಲಿಯೋನು, ನಾನೇ ಯೋಳ್ತೀನಿ, ಅಂಗ್ ಕಟ್ಕಂಡೋದ್ರೆ ಈ ಜಲ್ಮದಲ್ಲಿ ತೀರಾಕಿಲ್ಲ” ಅಂದರು. ನಮ್ಮೂರಲ್ಲಿ ಇಳಿದರೆ ಜನ ನೋಡುತ್ತಾರೆ, ಪೇಟೆಗೇ ಬನ್ನಿ ಅಂತ ಹೇಳಿ, ಮುಂದಿನ ಟಿಕೆಟ್ಟಿನ ದುಡ್ಡು ನಾನೇ ಹಾಕಿದೆ. ಅವನ ಅಂಗಡಿಗೂ ಹೋಗಬೇಡಿ, ನಾವೇ ಬ್ಯಾಂಕಿಗೆ ಬರುತ್ತೇವೆ ಅಂತ ಮಾತು ಕೊಟ್ಟೆ. ನಮ್ಮ ಸ್ಟಾಪು ಬಂದಾಗ ನಿನ್ನ ಫ್ಲೆಕ್ಸು ಕಟ್ಟಿದ್ದ ಕಂಬ ಖಾಲಿ ನಿಂತಿತ್ತು. ಯಾರೂ ಇಳಿಯಲಿಲ್ಲ. ರೈಟ್ ಅಂದೆ.

ಆ ಸಂಜೆ ಅವನು ಬಚ್ಚಲಲ್ಲಿ ಕೈಗೆ ಅಂಟಿದ ವಾರ್ನಿಷ್ ಉಜ್ಜುತ್ತಿದ್ದಾಗ, “ನಿನ್ನ ಕೇಳ್ಕಂಡು ಒಬ್ರು ನಮ್ ಬಸ್ ಹತ್ತಿದ್ರು” ಅಂದೆ. ಅಲ್ಲೇ ಕಲ್ಲಿನ ಮೇಲೆ ಕೂತು ಎಲ್ಲ ಬಾಯಿಬಿಟ್ಟ. ಮರಿ ವ್ಯಾಪಾರದವನು, ಅಡುಗೆಯವನು, ಶಾಮಿಯಾನದವನು ಕಾರ್ಡು ಮುಟ್ಟುವುದಿಲ್ಲವಲ್ಲ. ಸ್ವೈಪ್ ಮೆಷಿನ್ ಇರುವ ಗೆಳೆಯನ ಅಂಗಡಿಯಲ್ಲಿ ಏನೋ ಕೊಂಡ ಹಾಗೆ ಕಾರ್ಡು ಉಜ್ಜಿಸಿ, ಅವನ ಕಮಿಷನ್ ಬಿಟ್ಟು ಉಳಿದದ್ದನ್ನು ನೋಟಾಗಿ ಇಸಿದುಕೊಂಡಿದ್ದ. ನಿನ್ನ ಇಡೀ ತಿಥಿ ಹಾಗೆ ನಡೆದದ್ದು. ನಾನು ಬಯ್ಯಲು ಬಾಯಿ ತುಂಬ ಮಾತು ಕಟ್ಟಿಕೊಂಡು ಬಂದಿದ್ದೆ. ಯಾಕೆ ಮಾಡಿದೆ ಅಂದಿದ್ದಕ್ಕೆ ಅವನು ತಲೆ ಎತ್ತದೆ, “ಬದ್ಕಿದ್ದಾಗ ಒಂದ್ ಸೀರೆ ತಂದ್ರೂ ವಾಪಸ್ ಕೊಟ್ ಬತ್ತಿದ್ಲು. ಒಂದಿನ ಆದ್ರೂ ಅವ್ವುಂಗೆ ಅಂತ ಕೈತುಂಬ ಖರ್ಚು ಮಾಡ್ಬೇಕು ಅನ್ನುಸ್ತು ಕಣೆ. ಸತ್ತೋರು ವಾಪಸ್ ಕೊಡಾಕಾಗಲ್ವಲ್ಲ” ಅಂದ. ಇದಕ್ಕೆ ಏನಂತ ಬಯ್ಯಲಿ, ನೀನೇ ಹೇಳು.

ಅವನು ಆವತ್ತೇ ಇನ್ನೊಂದು ಮಾತೂ ಹೇಳಿದ. “ಈಗ ಅವ್ವುನ್ನ ನೆನುಸ್ಕಂಡ್ರೆ ಬ್ಯಾಂಕ್ ಮೆಸೇಜೇ ಕಣ್ಮುಂದೆ ಬತ್ತದೆ ಕಣೆ. ಅವ್ವನೇ ಬರಾಕಿಲ್ಲ.” ದುಡ್ಡು ಹೋದರೆ ದುಡಿಯಬಹುದು. ನಿನ್ನನ್ನು ಎಲ್ಲಿಂದ ತರಲಿ? ಈ ಸಾಲ ತೀರಲೇಬೇಕು, ತೀರಿದರೆ ಮಾತ್ರ ನೀನು ಮನೆಗೆ ವಾಪಸ್ ಬರುತ್ತೀಯ ಅಂತ ಆ ಬಚ್ಚಲ ಬಾಗಿಲಲ್ಲಿ ನಿಂತು ಗಟ್ಟಿ ಮನಸ್ಸು ಮಾಡಿದೆ.

ಮಾರನೆಯ ದಿನವೇ ಡಿಪೋದ ನೌಕರರ ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕಿದೆ. ಸಾಲಕ್ಕೆ ಸಾಲವಾ ಅಂತ ಹುಬ್ಬು ಗಂಟು ಹಾಕಬೇಡ. ಕಾರ್ಡಿನ ಬಡ್ಡಿ ಮುಂದೆ ಸೊಸೈಟಿ ಬಡ್ಡಿ ಏನೇನೂ ಅಲ್ಲ. ಹೆಚ್ಚು ಬಡ್ಡಿಯ ಕಾರ್ಡನ್ನು ಅದರಲ್ಲಿ ಪೂರ್ತಿ ತೀರಿಸಿ, ಬ್ಯಾಂಕಿಗೆ ಹೋಗಿ ಮುಚ್ಚಿಸಿದೆವು. ಇನ್ನೊಂದನ್ನು ತಿಂಗಳಿಗಿಷ್ಟು ಅಂತ ಕಂತು ಮಾಡಿಸಿದೆವು. ಎರಡೂ ಕಾರ್ಡನ್ನು ಅವನೇ ತನ್ನ ಕಟಿಂಗ್ ಪ್ಲೇಯರಿನಿಂದ ತುಂಡು ಮಾಡಿದ. ನಾನು ಮಾಡುತ್ತೇನೆ ಅಂದರೂ ಕೊಡಲಿಲ್ಲ.

ಮನೆಯಲ್ಲಿ ಡಿಪೋ ಲೆಕ್ಕ ಶುರುವಾದ ಮೊದಲ ವಾರ ನೀನಿದ್ದಿದ್ದರೆ ನಕ್ಕು ಸಾಯುತ್ತಿದ್ದೆ. ನಾನು ಡ್ಯೂಟಿ ಮುಗಿಸಿ ಬ್ಯಾಗಿನ ದುಡ್ಡು ಕ್ಯಾಶ್ ಕೌಂಟರಿಗೆ ಕಟ್ಟದೆ ಮನೆಗೆ ಬರುವ ಹಾಗಿಲ್ಲ. ಅವನಿಗೂ ಅದೇ ಕಾನೂನು ಮಾಡಿದೆ. ಅಂಗಡಿಯಲ್ಲಿ ಬಂದದ್ದು ಎಷ್ಟು, ತಂತಿಗೆ ಹೋದದ್ದು ಎಷ್ಟು, ಸಂಜೆ ನನ್ನ ಮುಂದೆ ಕಟ್ಟಬೇಕು. ಒಂದು ದಿನ ಇಪ್ಪತ್ತು ರೂಪಾಯಿ ಕಡಿಮೆ ಬಂತು. “ಟೀ ಕುಡ್ದೆ ಕಣೆ” ಅಂದ. “ಡಿಪೋದಲ್ಲಿ ಟೀ ಕುಡ್ದೆ ಅಂದ್ರೆ ಬುಟ್ಬುಡ್ತಾರಾ?” ಅಂದೆ. ಮುಖ ಊದಿಸಿಕೊಂಡು ಕೂತ. ಆಮೇಲೆ ಬೆಳಿಗ್ಗೆಯೇ ಟೀ ದುಡ್ಡು ಎಣಿಸಿ ಕೈಗೆ ಕೊಡುವುದು ಅಭ್ಯಾಸವಾಯಿತು. ಬೆಳ್ಳೂರಿನ ಛತ್ರದಲ್ಲಿ ನನ್ನ ದೊಡ್ಡಮ್ಮನ ಮೊಮ್ಮಗಳ ಮದುವೆಗೆ ಮುಯ್ಯಿ ಕೂಡ ನಮ್ಮ ಕೈಲಾದಷ್ಟೇ ಇಟ್ಟೆವು. ಕವರು ತೆಳ್ಳಗಿತ್ತು ಅಂತ ಯಾರೋ ಆಡಿಕೊಂಡರಂತೆ. ಆಡಿಕೊಳ್ಳಲಿ, ಅವರು ನಮ್ಮ ಕಂತು ಕಟ್ಟುತ್ತಾರಾ?

ನಿನ್ನ ವರ್ಷದ ತಿಥಿ ಹತ್ತಿರ ಬಂದಾಗ ಮಾತ್ರ ನನಗೆ ಹೆದರಿಕೆಯಾಯಿತು. ಊರಿನವರು ಈ ಸಲ ಎಷ್ಟು ಮರಿ ಅಂತ ಮೊದಲೇ ಕೇಳತೊಡಗಿದ್ದರು. ನಾವು ಮನೆಯವರು, ಅಕ್ಕಪಕ್ಕದ ನಾಲ್ಕು ಮನೆ, ಅಷ್ಟೇ ಕರೆದೆವು. ಹುರುಳಿ ಕಟ್ಟಿನ ಸಾರು, ಮುದ್ದೆ, ನಿನಗಿಷ್ಟ ಅಂತ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ. ನಾಗಮಂಗಲದ ಚಿಕ್ಕಪ್ಪ ಎಲೆ ಮುಂದೆ ಕೂತವರು ಎಲ್ಲರಿಗೂ ಕೇಳುವ ಹಾಗೆ, “ಏನ್ಲಾ ಯೋಗ, ತಿಥಿಯ ಆಪಾಟಿ ಮಾಡ್ಬುಟ್ಟು ವರ್ಸುಕ್ಕೆ ಉಳ್ಳಿ ಸಾರಾ? ಅತ್ಗೆ ಮ್ಯಾಲಿಂದ ನೋಡ್ತಾವ್ಳೆ ಕಣ್ಲಾ” ಅಂದರು. ನಿನ್ನ ಮಗ ಮುದ್ದೆ ಬಡಿಸುತ್ತಿದ್ದವನು ನಿಂತುಬಿಟ್ಟ. ಅವನ ಕಿವಿ ಕೆಂಪಾದದ್ದು ನನಗೆ ಅಡುಗೆಮನೆ ಬಾಗಿಲಿಗೇ ಕಾಣುತ್ತಿತ್ತು. ಈಗ ಬೈಕು ಹತ್ತಿ ಮಟನ್ ತರಲು ಹೋಗುತ್ತಾನೆ, ಯಾವನ ಹತ್ತಿರವಾದರೂ ಕೈ ಚಾಚುತ್ತಾನೆ, ಇಷ್ಟು ತಿಂಗಳ ನಮ್ಮ ಪಾಡೆಲ್ಲ ನೀರು ಪಾಲು ಅಂದುಕೊಂಡೆ.

ಅವನು ಚಿಕ್ಕಪ್ಪನ ಎಲೆಗೆ ಮುದ್ದೆ ಹಾಕಿ, ಮೆಲ್ಲಗೇ ಹೇಳಿದ: “ಚಿಕ್ಕಪ್ಪ, ಆವತ್ತು ನೀವ್ ಉಂಡೋದ್ ಬಾಡೂಟುಕ್ಕೆ ಇನ್ನೂ ಬಡ್ಡಿ ಕಟ್ತಾ ಇವ್ನಿ. ಕಾರ್ಡ್ ಸಾಲ ಅದು. ಇವತ್ತಿಂದು ನಮ್ ದುಡಿಮೆದು. ಇಷ್ಟೇ ನಮ್ ಕೈಲಾಗೋದು. ಉಣ್ಣಿ.” ಚಿಕ್ಕಪ್ಪ ಮುದ್ದೆ ಮುರಿದು ಒಂದು ತುತ್ತು ನುಂಗಿ, ನನ್ನ ಕಡೆ ತಿರುಗಿ, “ಇನ್ನೊಂದೊಸಿ ಸಾರ್ ಬುಡವ್ವ” ಅಂದರು. ಹೊರಡುವಾಗ ಚಪ್ಪಲಿ ಹುಡುಕುವ ನೆಪದಲ್ಲಿ ನನ್ನ ಹತ್ತಿರ ಬಂದು, “ಸವಿತವ್ವ, ನಮ್ಮನೆ ದೊಡ್ಡೋನತ್ರನೂ ಇಂಥ ಕಾರ್ಡು ಮೂರ್ನಾಕ್ ಅವೆ. ಯಾರ್ಗೂ ಯೋಳಿಲ್ಲ. ಒಂದ್ಸಲ ಬಂದು ಅವ್ನಿಗೂ ಒಸಿ ಬುದ್ಧಿ ಯೋಳವ್ವ” ಅಂದರು. ಹೋಗಿ ಹೇಳಿ ಬಂದೆ. ಅದು ಬೇರೆ ಕಥೆ, ಆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರಿಗೂ ಒಂದೊಂದು ಕಾರ್ಡು.

ಹೋದ ವಾರ ಸೊಸೈಟಿ ಸಾಲದ ಕೊನೆಯ ಕಂತನ್ನು ಸಂಬಳದಲ್ಲಿ ಮುರಿದುಕೊಂಡರು. ಕಾರ್ಡಿನ ಕಂತು ಅದಕ್ಕೂ ಮೊದಲೇ ಮುಗಿದಿತ್ತು. ಯಾರಿಗೂ ಒಂದು ಕಾಸು ಬಾಕಿ ಇಲ್ಲ ಅಂತ ಅವನಿಗೆ ಹೇಳಿದೆ. “ಹೂಂ” ಅಂದ, ಅಷ್ಟೇ. ಊಟಕ್ಕೆ ಕೂತ. ಹೊರಗೆ ಮಾಕವಳ್ಳಿ ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರಾಕ್ಟರು ಗಡಗಡ ಅಂತ ಹೋಯಿತು. ಅವನು ತುತ್ತು ಎತ್ತಿದವನು ಹಾಗೇ ನಿಲ್ಲಿಸಿ, “ನಾನು ಒಂದ್ನೇ ಕ್ಲಾಸಲ್ಲಿದ್ದಾಗ ಅವ್ವ ಓಡೋ ಗಾಡಿಯಿಂದ ಕಬ್ಬು ಎಳ್ಕಂಡಿದ್ಲು ಕಣೆ. ಗಾಡಿಯೋನು ಇಳ್ದು ಅಟ್ಟುಸ್ಕಂಡ್ ಬಂದ. ಅವ್ವ ನನ್ ಸೊಂಟುಕ್ಕೆ ಎತ್ಕಂಡು ಗದ್ದೆ ಬದಿನ ಮ್ಯಾಲೆ ಓಡುದ್ಲು ನೋಡು... ನಗ್ತಾ ಓಡುದ್ಲು” ಅಂದ. ಹೇಳುತ್ತಾ ಅವನೂ ನಕ್ಕ. ನಗುತ್ತಾ ನಗುತ್ತಾ ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡು “ಅವ್ವಾ” ಅಂತ ಅತ್ತ. ನಾನು ಸಮಾಧಾನ ಮಾಡಲು ಹೋಗಲಿಲ್ಲ, ಪಕ್ಕದಲ್ಲಿ ಕೂತಿದ್ದೆ.

ನೀನು ಹೋದ ಮೇಲೆ ಅವನು ಅತ್ತದ್ದು ಅದೇ ಮೊದಲು, ಅತ್ತೆ. ಈಗ ಮೂರು ಹೊತ್ತೂ ನಿನ್ನದೇ ಮಾತು.

ನಿನ್ನ ಸೊಸೆ,
ಸವಿತ