ಕೌಂಟೆಸಳ ಕಬ್ಬಿಣದ ಪೆಟ್ಟಿಗೆ

ಯೂನಿವರ್ಸಿಟಿ ಸಿಟಿ, ಸ್ಯಾನ್ ಡಿಯೇಗೊ
9 ಏಪ್ರಿಲ್ 2023, ಭಾನುವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಮೈಸೂರಿನಲ್ಲಿ ಬಿಸಿಲು ಜೋರಂತೆ, ಮಧ್ಯಾಹ್ನ ಹೊರಗೆ ಹೋಗಬೇಡ. ನನ್ನ ಮುರಿದ ಕೈ ಕೂಡಿದೆ. ಮೊನ್ನೆ ಲಾ ಹೋಯಾದ ಆಫೀಸಿಗೆ ನಾನೇ ಡ್ರೈವ್ ಮಾಡಿದೆ. ಈ ಕೈಗಾಗಿಯೇ ಅಲ್ಲವೇ ಜನವರಿಯಲ್ಲಿ ನೀನು ತುಳಸಿಯನ್ನು ಮನೆಗೆಲಸಕ್ಕೆಂದು ನನ್ನ ಬಳಿ ಬಿಟ್ಟು, ಅವಳ ಪಾಸ್‌ಪೋರ್ಟನ್ನು ನನ್ನ ಲಾಕರಿನಲ್ಲಿಟ್ಟು, ಒಬ್ಬಳೇ ಊರಿಗೆ ಹೊರಟದ್ದು.

ನನ್ನ ಪುಸ್ತಕ ಎಲ್ಲಿಗೆ ಬಂತು ಎಂದು ನೀನು ಕೇಳಿದ್ದೆ. ಹದಿನೆಂಟನೇ ಶತಮಾನದ ಜರ್ಮನ್ ಕೌಂಟೆಸ್, ಅಂದರೆ ಜಹಗೀರಿನ ಒಡತಿ, ಒಬ್ಬಳ ಜೀವನಚರಿತ್ರೆ ಅದು, ಹೆಸರು ಫ್ರೀಡೆರಿಕೆ. ಇಪ್ಪತ್ತೊಂಬತ್ತಕ್ಕೇ ವಿಧವೆಯಾದಳು. 1771ರ ಬರಗಾಲದಲ್ಲಿ ಒಡವೆ ಮಾರಿ ಊರಿಗೆಲ್ಲ ಗಂಜಿ ಹಾಕಿಸಿದಳು. ಇಪ್ಪತ್ತಾರು ಅನಾಥ ಹುಡುಗಿಯರನ್ನು ತನ್ನ ಮನೆಯಲ್ಲೇ ಸಾಕಿ ಓದು, ನೂಲುವ ಕೆಲಸ ಕಲಿಸಿದಳು. ಅವರಿಗೆ ಸಿಡುಬು ಬಂದಾಗ ತಾನೇ ಹಾಸಿಗೆಯ ಪಕ್ಕ ಕೂತಳು. ಓದುವಾಗೆಲ್ಲ ನಿನ್ನ ನೆನಪು. ಒಂಬತ್ತು ವರ್ಷದ ತುಳಸಿ ನಮ್ಮ ಮನೆಗೆಲಸಕ್ಕೆ ಬಂದ ಹೊಸದರಲ್ಲಿ ಅವಳಿಗೆ ಟೈಫಾಯ್ಡ್ ಆಗಿ, ನೀನು ಹದಿಮೂರು ದಿನ ಅವಳ ಪಕ್ಕದಲ್ಲೇ ಮಲಗಿದ್ದೆ. ಅವಳನ್ನು ಶಾಲೆಗೆ ಹಾಕಿದವಳೂ ನೀನೇ. ಅದನ್ನು ನಾನು ಮರೆತಿಲ್ಲ.

ಆದರೆ ಕೌಂಟೆಸ್ ಆ ಹುಡುಗಿಯರ ಜನನದ ದಾಖಲೆಗಳನ್ನು ಜೋಪಾನಕ್ಕೆಂದು ತನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಳು. ಅವಿಲ್ಲದೆ ಆಗ ಬೇರೆ ಊರಿನಲ್ಲಿ ಕೆಲಸವಿಲ್ಲ, ಮದುವೆಯಿಲ್ಲ. ಡೊರೊಥಿಯಾ ಎಂಬವಳು ಮೂರು ಸಲ ಕೇಳಿದಳು. ಮೂರು ಸಲವೂ ಕೌಂಟೆಸ್, ಹೊರಗೆ ಹೋದರೆ ಕೆಡುತ್ತಾಳೆ ಎಂದು ದಿನಚರಿಯಲ್ಲಿ ಬರೆದಿಟ್ಟಳು, ದಾಖಲೆ ಕೊಡಲಿಲ್ಲ. ಶುಕ್ರವಾರ ಆ ಪೆಟ್ಟಿಗೆಯ ಕಾಗದಗಳ ಸ್ಕ್ಯಾನ್ ಬಂತು. ಡೊರೊಥಿಯಾಳ ದಾಖಲೆ ಇನ್ನೂ ಅದರಲ್ಲೇ ಇದೆ.

ಫೆಬ್ರವರಿಯಲ್ಲಿ ತುಳಸಿ ಪಾತ್ರೆ ಒರೆಸುತ್ತ, "ಅಕ್ಕಾ, ನನ್ ಪಾಸ್‌ಪೋರ್ಟ್ ಒಂದ್ಸಲ ನೋಡ್ಬೋದಾ?" ಎಂದಿದ್ದಳು. "ಎಲ್ಲಿಗ್ ಓಡೋಗ್ತೀಯೇ, ಮೆಕ್ಸಿಕೋಗಾ?" ಎಂದು ನಾನು ನಕ್ಕೆ. ಅವಳೂ ನಕ್ಕಳು. ಮಾರ್ಚ್‌ನಲ್ಲಿ ಮತ್ತೆ ಕೇಳಿದಾಗ ನಿನಗೆ ಫೋನ್ ಮಾಡಿದೆ. "ಕೊಡ್ಬೇಡ ಕಣೆ, ತಲೆ ತಿರುಗುತ್ತೆ ಅವ್ಳಿಗೆ. ಅವ್ಳ ಒಳ್ಳೇದಕ್ಕೇ ಹೇಳ್ತಿರೋದು" ಎಂದು ನೀನು ಹೇಳಿದೆ. ನಾನು ಕೊಡಲಿಲ್ಲ. ಮೂರನೇ ಸಲ ಅವಳು ಕೇಳಲೇ ಇಲ್ಲ.

ಶುಕ್ರವಾರ ಸಂಜೆ ಮನೆಗೆ ಬಂದವಳೇ ಲಾಕರ್ ತೆಗೆದು ಪಾಸ್‌ಪೋರ್ಟನ್ನು ಅವಳ ಕೈಗಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಆಮೇಲಷ್ಟೇ ವಿಷಯ ಹೇಳಿದಳು. ಅವಳ ತಮ್ಮ ಏಕನಾಥ ದಾವಣಗೆರೆಯಲ್ಲಿ ಅವಳಿಗೆ ನರ್ಸಿಂಗ್ ಸಹಾಯಕಿಯ ತರಬೇತಿಗೆ ಸೀಟು ಹಿಡಿದಿದ್ದಾನೆ. ಇಪ್ಪತ್ತನೇ ತಾರೀಖಿನೊಳಗೆ ಎಸ್ಸೆಸ್ಸೆಲ್ಸಿಯ ಮೂಲ ಅಂಕಪಟ್ಟಿ ಕೊಡಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಆ ಅಂಕಪಟ್ಟಿ ನಿನ್ನ ಬೀರುವಿನಲ್ಲಿದೆ.

ಫೋನಿನಲ್ಲಾದರೆ ನೀನು ಮಾತಾಡುತ್ತೀಯ, ನಾನು ಸುಮ್ಮನಾಗುತ್ತೇನೆ. ಅದಕ್ಕೇ ಬರೆದೆ. ಹೊತ್ತಿಗೆ ಸರಿಯಾಗಿ ಮಾತ್ರೆ ತಗೋ. ದೊಡ್ಡಮ್ಮನಿಗೆ ನನ್ನ ನಮಸ್ಕಾರ.

ನಿನ್ನ ಕೋಪಕ್ಕೆ ಈಗಲೂ ಹೆದರುವ ಮಗಳು,
ಭಾವನಾ

ವಿ.ಸೂ.: ಈ ಪತ್ರಕ್ಕೆ ಸ್ಟ್ಯಾಂಪ್ ಇಲ್ಲದ್ದನ್ನು ನೀನು ಗಮನಿಸಿರುತ್ತೀಯ. ನಾಳೆ ಲಾಸ್ ಏಂಜಲೀಸ್‌ನಿಂದ ತುಳಸಿಯ ವಿಮಾನ. ನಾನೇ ಬಿಟ್ಟು ಬರುತ್ತೇನೆ. ಪತ್ರ ನಿನ್ನ ಕೈಗೆ ಕೊಟ್ಟವಳು ಅವಳೇ. ನೀನು ಇದನ್ನು ಓದುವಾಗ ಏಕನಾಥ ಗೇಟಿನ ಹೊರಗೆ ಕಾಯುತ್ತಿರುತ್ತಾನೆ. ನೀನು ಓದಿ ಮುಗಿಸುವವರೆಗೂ ಅವಳು ನಿಂತೇ ಇರುತ್ತಾಳೆ. ಮೊದಲು ಅವಳಿಗೆ ಕೂತ್ಕೋ ಅನ್ನು ಅಮ್ಮಾ. ಆಮೇಲೆ ಬೀರು ತೆಗೆ. ಬೀಗದಕೈ ನಿನ್ನ ಸೊಂಟದಲ್ಲೇ ಇದೆ.