ಹಳೇ ಕಾಯಿಲ್ ಸಿಕ್ಕಿತು

ಅಮ್ಮಾ,

ಗಿಟಾರನ್ನು 'ವಾ ವಾ' ಅನ್ನಿಸುವ ನನ್ನ ಪೆಡಲ್‌ಗೆ ಮೊದಲಿನ ದನಿ ಬರಿಸುವ ತಾಮ್ರದ ತಂತಿ ಸುತ್ತಿದ ಹಳೇ ಮಾದರಿಯ ಕಾಯಿಲ್ ಇವತ್ತು ಸಿಕ್ಕಿತು. ಪೆಡಲ್ ಕೆಟ್ಟಾಗ ನೀನೇ ಹೊಸ ಕಾಯಿಲ್ ಹಾಕಿಕೊಟ್ಟಿದ್ದೆ. "ದನಿಯೇ ಸತ್ತುಹೋಯ್ತು, ಗೊತ್ತಿಲ್ಲದ್ದಕ್ಕೆ ಯಾಕೆ ಕೈ ಹಾಕ್ತೀಯ?" ಅಂತ ನಾನು ಗೆಳೆಯರೆದುರೇ ನಿನ್ನ ಮೇಲೆ ರೇಗಿದ್ದೆ. ರೇಡಿಯೋ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಬೆಸುಗೆ ಹಾಕಿದವಳು ನೀನು.

ಬಿಡಿಭಾಗಗಳ ಅಂಗಡಿಯ ಮುದುಕರು ಕಾಯಿಲನ್ನು ಕಾಗದದಲ್ಲಿ ಸುತ್ತುತ್ತಾ ಹೇಳಿದರು: "ರೇಡಿಯೋ ಕಾರ್ಖಾನೆಯ ಅಮ್ಮ ಒಬ್ರು ಇದನ್ನೇ ಕೇಳ್ಕೊಂಡು ಪ್ರತಿ ಶನಿವಾರ ಬರ್ತಿದ್ರು. ಮಗನ ಸಾಮಾನು ಹಾಳುಮಾಡಿಬಿಟ್ಟೆ ಅಂತ ಪೇಚಾಡ್ತಿದ್ರು. ಇದು ಸಿಗೋ ಹೊತ್ತಿಗೆ ಅವರು ಬರೋದೇ ನಿಂತುಹೋಯ್ತು. ನಿಮಗೆ ಅವರು ಗೊತ್ತಾ?"

ನೀನು ತೀರಿಕೊಂಡು ವರ್ಷವಾಯಿತು. ನಾನು ದುಡ್ಡು ಎಣಿಸಿಕೊಟ್ಟೆ.

"ಅಷ್ಟಾಗಿ ಗೊತ್ತಿರಲಿಲ್ಲ," ಅಂದೆ.