ಹೊಲಿಗೆಯಂತ್ರ ಹೊತ್ತವಳ ಕೈಗೆ ಮೆಷಿನ್ ಗನ್ ಕೊಟ್ಟವರಿಗೆ

ಚಲನಚಿತ್ರ ನಿಧಿಯ ಮಾನ್ಯ ಅಧ್ಯಕ್ಷರೇ,

ನನ್ನ ದೊಡ್ಡಮ್ಮ ಹೆನ್ಯಾ 1942ರ ಡಿಸೆಂಬರಿನಲ್ಲಿ ನೇಮನ್ ನದಿಯ ಮೇಲಿನ ಮಂಜುಗಡ್ಡೆ ಒಡೆದು ಮುಳುಗಿ ಸತ್ತಳು. ತಮ್ಮ ಕಚೇರಿ ಸಿನಿಮಾದಲ್ಲಿ ಆಕೆಯನ್ನು ಸೇತುವೆಯ ಮೇಲೆ ನಿಲ್ಲಿಸಿ, ಕೈಗೆ ಮೆಷಿನ್ ಗನ್ ಕೊಟ್ಟು, ಹನ್ನೊಂದು ಜರ್ಮನರನ್ನು ಕೊಲ್ಲಿಸಿ, ಆಮೇಲೆ ಸಾಯಿಸಿದೆ. ಸತ್ತವರಿಗೆ ಇಷ್ಟು ಉದಾರವಾಗಿ ಬಡ್ತಿ ಕೊಡುವ ಅಧಿಕಾರ ತಮಗೆ ಎಲ್ಲಿಂದ ಬಂತು?

ಇದು ಜರ್ಮನರ ವಿರುದ್ಧ ಕಾಡಿನಲ್ಲಿ ಯೆಹೂದಿ ಗೆರಿಲ್ಲಾ ಶಿಬಿರ ನಡೆಸಿದ ಕಮಾಂಡರ್ ಯೆರುಹಾಮ್ ಅವರ ಯುದ್ಧಕಾಲದ ನೆನಪುಗಳ ಚಿತ್ರ. ಸಾಯುವ ಮುನ್ನ ಅವರು ನಿರ್ದೇಶಕರಿಗೆ ಹೇಳಿದ ಮೊದಲ ಸಂಗತಿಯೇ ಆ ನದಿಯದು. ಕಾಡಿನ ಬೇರೆ ಪಡೆಗಳು ಬಂದೂಕಿಲ್ಲದೆ ಬಂದ ಯೆಹೂದಿಗಳನ್ನು ಹಿಂದಕ್ಕಟ್ಟುತ್ತಿದ್ದವು. ಅದು ಗೊತ್ತಿದ್ದೇ ಅಕ್ಕತಂಗಿಯರು, ಜರ್ಮನರು ಯೆಹೂದಿಗಳನ್ನು ಕೂಡಿಹಾಕಿದ್ದ ಗೆಟ್ಟೋದ ಬೇಲಿ ನುಸುಳುವಾಗ ಬಂದೂಕಿನ ಬದಲು ಹೊಲಿಗೆಯಂತ್ರ ಹೊತ್ತುಕೊಂಡರು. ನದಿ ದಾಟುವಾಗ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದ ಹೆನ್ಯಾ, "ಮೊದ್ಲು ಇದನ್ನ ಎಳ್ಕೊ ಫ್ರೂಮಾ," ಎಂದಳು. ಫ್ರೂಮಾ ನನ್ನ ತಾಯಿ. ಯಂತ್ರವನ್ನು ಎಳೆದಿಟ್ಟು ತಿರುಗಿದಾಗ ಅಲ್ಲಿ ಬರೀ ನೀರಿತ್ತು.

ಎರಡು ದಿನ ನಡೆದು ಶಿಬಿರ ಮುಟ್ಟಿದವಳನ್ನು ಕಮಾಂಡರ್ ಕೇಳಿದರು: "ಸೂಜಿ ಎಷ್ಟಿವೆ?"

"ಮೂರು."

"ಹಾಗಾದ್ರೆ ನೀನು ರಾಣಿ ಕಣಮ್ಮ. ಪಕ್ಕದ ಕಾಡಿನ ರಷ್ಯನ್ ಪಡೆಗೆ ಹತ್ತು ಚಳಿಕೋಟು ಹೊಲಿದ್ಕೊಟ್ರೆ ಒಂದು ಮೆಷಿನ್ ಗನ್ ಕೊಡ್ತಾರೆ."

ಕೊಟ್ಟರು ಕೂಡ. ಶಿಬಿರದ ಮೊದಲ ಮೆಷಿನ್ ಗನ್ ಬಂದದ್ದೇ ಹೆನ್ಯಾ ಸತ್ತ ಮೇಲೆ, ಅವಳು ಉಳಿಸಿದ ಯಂತ್ರದಿಂದ. "ಸೂಜಿ ಕೇಳ್ದೆ, ಜೊತೆಗೆ ಯಾರೂ ಬರ್ಲಿಲ್ವಾ ಅಂತ ಕೇಳ್ಲಿಲ್ಲ," ಎಂದು ಆ ಮನುಷ್ಯ ಕೊನೆಗಾಲದವರೆಗೂ ಕೊರಗಿದರು. ಅದಕ್ಕೇ ಆ ದೃಶ್ಯ ಇರಬೇಕೆಂದರು. ಚಿತ್ರೀಕರಣವೂ ಆಗಿತ್ತು. "ವೀರಗಾಥೆಗೆ ತಕ್ಕುದಲ್ಲ" ಎಂದು ಷರಾ ಬರೆದು ತೆಗೆಸಿದ್ದು ತಮ್ಮ ಕಚೇರಿ. ತೆಗೆಯದಿದ್ದರೆ ನೆರವಿಲ್ಲ ಎಂದದ್ದೂ ತಮ್ಮ ಕಚೇರಿಯೇ. ಆ ಶಿಬಿರದಲ್ಲಿ ಮುದುಕರೂ ಎಳೆಗೂಸುಗಳೂ ಇದ್ದರು. ಅವರ ಕೈಗೂ ಒಂದೊಂದು ಗ್ರೆನೇಡು ಕೊಡಲು ಮರೆತಿರೇಕೆ?

ಹೈಫಾದ ಪೂರ್ವಪ್ರದರ್ಶನದಲ್ಲಿ ಸೇತುವೆಯ ದೃಶ್ಯ ಬಂದಾಗ ಅಮ್ಮ ನನ್ನ ತೋಳು ಜಗ್ಗಿದರು. "ಯಾರೇ ಅದು?"

"ದೊಡ್ಡಮ್ಮ."

"ಸುಮ್ನಿರೆ. ಬಾಗ್ಲು ಬಡಿದ್ರೆ ಬೆಚ್ಚಿಬೀಳೋಳು ಅವಳು."

ಹೊರಗೆ ಬಂದಾಗ ತಾವೇ ಅಮ್ಮನ ಕೈ ಹಿಡಿದು ಹೇಳಿದಿರಿ: "ಅಜ್ಜಿ, ಇದು ಯುದ್ಧದ ಸಿನಿಮಾ, ದರ್ಜಿ ಅಂಗಡೀದಲ್ಲ. ನೋಡಿದ ಮಕ್ಕಳಿಗೆ ಹೆಮ್ಮೆ ಆಗ್ಬೇಕಲ್ವಾ?"

"ನಂಗೆ ಐವತ್ತು ವರ್ಷದಿಂದ ಆಗ್ತಾ ಇದೆಯಪ್ಪಾ. ನಿಂಗ್ಯಾಕೆ ಆಗ್ಲಿಲ್ಲ?"

ತಾವು ನಕ್ಕು ಫೋಟೋಗೆ ನಿಂತಿರಿ. ಆಕೆ ಕೇಳಿದ್ದು ತಮಾಷೆಗಲ್ಲ. ಬಾಗಿಲಿನ ಸದ್ದಿಗೆ ಬೆಚ್ಚುವ ಹೆಣ್ಣೊಬ್ಬಳು ಮುಳುಗುತ್ತಾ, ತನಗಿಂತ ಮೊದಲು ತಂಗಿಯ ಬದುಕನ್ನು ದಡಕ್ಕೆ ದೂಡಿದ್ದು ಧೈರ್ಯವಲ್ಲವೆಂದು ತಮಗೆ ಹೇಳಿಕೊಟ್ಟವರು ಯಾರು?

ಸೆಪ್ಟೆಂಬರಿನಿಂದ ಚಿತ್ರ ಶಾಲೆಗಳಿಗೆ ಹೋಗುತ್ತದಂತೆ. ಅದಕ್ಕೆ ಮೊದಲು ನದಿಯ ದೃಶ್ಯವನ್ನು ಮರಳಿ ಸೇರಿಸಿ. ಆಗದಿದ್ದರೆ ಸೇತುವೆಯ ಮೇಲಿನ ಹೆಣ್ಣಿಗೆ ಬೇರೆ ಹೆಸರಿಡಿ. ಹೆನ್ಯಾಳಿಗೆ ಸಮಾಧಿಯಿಲ್ಲ, ಒಂದು ಭಾವಚಿತ್ರವೂ ಇಲ್ಲ. ಅವಳು ಹೇಗೆ ಸತ್ತಳೆಂದು ಕಣ್ಣಾರೆ ಕಂಡವಳು ಒಬ್ಬಳೇ. ಆಕೆಗೀಗ ಎಪ್ಪತ್ತನಾಲ್ಕು.

ಇಂತಿ,
ಕಾಗದ ಬರೆದರೆ ಕಚೇರಿಗಳು ಓದುತ್ತವೆಂದು ಇನ್ನೂ ನಂಬಿರುವ
ಝೆಲ್ಡಾ ಬರ್ಕಿನ್, ಹೈಫಾ